ಗೋಡೆ ಬಿಟ್ಟು ನಿಲ್ಲಿಸಿದ ಜೋಡಿಗಳು

ಬ್ಯಾಟರಿ ಕೈಕೊಡಬಹುದಿತ್ತು. ಎರಡನೆಯದೂ ಕೈಕೊಡಬಹುದಿತ್ತು, ಅದಕ್ಕೇ ಮೂರನೆಯದನ್ನು ಕಾಲುಚೀಲದೊಳಗೆ ತುರುಕಿ ಚೀಲಕ್ಕೆ ಹಾಕಿಕೊಂಡಿದ್ದೆ. ಆಮೇಲೆ ಆ ಕಾಲುಚೀಲ ಒಗೆದದ್ದೋ ಅಲ್ಲವೋ ಎಂಬ ಹೊಸ ಚಿಂತೆ ಹತ್ತಿತು. ಕಾರ್ಡು ಕೆಡಬಹುದಿತ್ತು. ಜೀಪು ಕರಿಮಣ್ಣಿನಲ್ಲಿ ಹೂತುಕೊಳ್ಳಬಹುದಿತ್ತು. ಪಾಳುಮನೆಯ ಕಲ್ಲುಸಂದಿಯಿಂದ ಹಾವು ಬರಬಹುದಿತ್ತು. ಹುಡುಗಿ ಬಾಡಿಗೆಗೆ ತಂದಿದ್ದ ನೆಲ ಗುಡಿಸುವ ಗೌನು ಜಾಲಿಮುಳ್ಳಿಗೆ ಸಿಕ್ಕು ಹರಿಯಬಹುದಿತ್ತು. ಗೋಡೆ ಬೀಳಬಹುದಿತ್ತು. ಗೋಡೆ ಬೀಳದಿದ್ದರೂ ಅದನ್ನು ನೋಡಿ ಹುಡುಗಿಯ ತಾಯಿ ಕಾಶಿಬಾಯಕ್ಕ ಬೀಳಬಹುದಿತ್ತು. ಆಕೆ ಬೀಳದೆ ನಿಂತಳೆಂದರೆ ಇನ್ನೂ ಕಷ್ಟ. ನಿಂತಲ್ಲೇ ಮದುವೆ ಮುರಿಯಬಹುದಿತ್ತು. ಹಿಂದೆ ಒಂದು ಸಲ ಮುರಿದವಳೇ ಆಕೆ.

ಕ್ಯಾಮೆರಾ ಹೆಗಲಿಗೇರಿಸಿ ಈ ಕಸುಬಿಗೆ ಬರುವ ಹುಡುಗ ಹುಡುಗಿಯರು ಈಗಲೂ ನನ್ನ ಹತ್ತಿರ ಬರುತ್ತಾರೆ. ಯಾವ ಲೆನ್ಸ್ ತಗೊಳ್ಳಲಿ ಕಾಕಾ, ಎಂದು ಕೇಳುತ್ತಾರೆ. ಲೆನ್ಸಿನ ವಿಷಯ ನನಗಿಂತ ನಿಮಗೇ ಚೆನ್ನಾಗಿ ಗೊತ್ತು, ಎನ್ನುತ್ತೇನೆ. ನನ್ನನ್ನು ಯಾರೂ ನಿವೃತ್ತಿ ಮಾಡಲಿಲ್ಲ, ಮೊಣಕಾಲು ಮಾಡಿತು. ಕುಕ್ಕರಗಾಲಲ್ಲಿ ಕೂತರೆ ಏಳಲು ಬರದ ಮದುವೆ ಫೋಟೋಗ್ರಾಫರ್ ಯಾರಿಗೆ ಬೇಕು? ಗಡಿಯಾಚೆಯ ಮರಾಠಿ ಸೀಮೆಯ ಉಮರ್ಗಾದಲ್ಲಿದ್ದ ನನ್ನ ಅಂಗಡಿ ಮುಚ್ಚಿದೆ. ಈಗ ಕೂತು ಯೋಚಿಸಿದರೆ ನನಗೆ ನೆನಪಾಗುವುದು ತೆಗೆದ ಫೋಟೋಗಳಲ್ಲ. ಕ್ಲಿಕ್ ಮಾಡುವ ಮುಂಚಿನ ಆ ಎದೆಬಡಿತಗಳು. ಹಾಗಾಗಿ ಬರೆದರೆ ಅವನ್ನೇ ಬರೆಯಬೇಕು.

ನಾನು ಕಸುಬಿಗೆ ಬಿದ್ದದ್ದು ನಮ್ಮ ಸೀಮೆಯ ಕಲ್ಲುಮನೆಗಳನ್ನೆಲ್ಲ ಕೆಡವಿದ ತೊಂಬತ್ತಮೂರರ ಭೂಕಂಪದ ನಂತರದ ತಗಡಿನ ವರ್ಷಗಳಲ್ಲಿ. ಎಲ್ಲಿ ನೋಡಿದರೂ ತಗಡಿನ ಶೆಡ್ಡು. ಮದುವೆಗಳು ಮಾತ್ರ ನಿಲ್ಲಲಿಲ್ಲ. ಉಳಿದವರು ಉಳಿದವರನ್ನು ಹುಡುಕಿ ಮದುವೆ ಮಾಡಿಕೊಂಡರು. ಒಬ್ಬರೂ ಗೋಡೆಯ ಹತ್ತಿರ ನಿಲ್ಲುತ್ತಿರಲಿಲ್ಲ. ಇದನ್ನು ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬೀಗರನ್ನೆಲ್ಲ ಸಾಲಾಗಿ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿಯಿರಿ ಎಂದರೆ ಸಾಲಿಗೆ ಸಾಲೇ ಹಿಂದೆ ತಿರುಗಿ ನೋಡುತ್ತಿತ್ತು. ಹಿಂದೆ ಕಲ್ಲುಗೋಡೆ ಇದ್ದರೆ ಸಾಲು ಮುಂದಕ್ಕೆ ಬರುತ್ತಿತ್ತು, ನಾನು ಹಿಂದಕ್ಕೆ ಹೋಗುತ್ತಿದ್ದೆ. ಹೀಗೆ ಹಿಂದೆ ಹಿಂದೆ ಹೋಗಿ ಒಮ್ಮೆ ಗುಂಜೋಟಿಯಲ್ಲಿ ಸಾರಿನ ಕೊಪ್ಪರಿಗೆಗೆ ತಾಗಿ ನಿಂತೆ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಈ ಬರಹ ಇರುತ್ತಿರಲಿಲ್ಲ. ಆ ವರ್ಷಗಳ ಆಲ್ಬಮ್ ಯಾರ ಮನೆಯಲ್ಲಾದರೂ ಸಿಕ್ಕರೆ ನೋಡಿ. ಜನರ ಬೆನ್ನಿಗೆ ತೊಗರಿಹೊಲ, ಚಾದರ, ಇಲ್ಲವೇ ಬರೀ ಆಕಾಶ. ನಮ್ಮ ಸೀಮೆಯ ಒಂದಿಡೀ ಕಾಲದ ಮದುಮಕ್ಕಳು ಗೋಡೆ ಬಿಟ್ಟು ನಿಂತಿದ್ದಾರೆ.

ಅವರಿಗಿಂತ ನಾನೇನು ಧೈರ್ಯಸ್ಥನಲ್ಲ. ಛತ್ತು, ಅಂದರೆ ಗಟ್ಟಿ ತಾರಸಿ, ಇರುವ ಕಲ್ಯಾಣ ಮಂಟಪದೊಳಗೆ ಹೋದರೆ ಮೊದಲು ಬಾಗಿಲು ಎಲ್ಲಿದೆ ನೋಡುತ್ತೇನೆ, ಆಮೇಲೆ ಮದುಮಗಳು ಎಲ್ಲಿದ್ದಾಳೆ ನೋಡುತ್ತೇನೆ. ನನ್ನ ಹೆಂಡತಿ ಅನ್ನುವುದು ಹೀಗೆ: "ಊರಿಗೆಲ್ಲಾ ಭೂಕಂಪ ಒಂದ್ ಸಲ ಬಂದ್ ಹೋತು. ನಿಮಗ ದಿನಾ ಬರ್ತದ, ಅದೂ ಚಹಾ ಕುಡಿಯೋ ಹೊತ್ತಿಗೇ."

ಕಲಿಸಿದವರು ನಿಲಂಗಾದಲ್ಲಿ ಸ್ಟುಡಿಯೋ ಇಟ್ಟಿದ್ದ ಉಸ್ತಾದ್. ಎಲ್ಲರೂ ಹಾಗೇ ಕರೆಯುತ್ತಿದ್ದರು. ನಿಜಾಮರ ಕಾಲದ ಅಪ್ಪನಿಂದ ಬಂದ ಡಬ್ಬಿ ಕ್ಯಾಮೆರಾ, ಅದಕ್ಕಿಂತ ಹಳೆಯ ಸಿಟ್ಟು. ಕನ್ನಡ, ಮರಾಠಿ, ದಖನಿ ಮೂರರಲ್ಲೂ ಬೈಯಬಲ್ಲವರು. ಯಾವುದರಲ್ಲಿ ಬೈದರೂ ಅದು ಪಾಠವೇ ಆಗಿರುತ್ತಿತ್ತು. ಮೊದಲ ತಿಂಗಳಲ್ಲಿ ನಾನು ಒಂದು ಸಾಖರಪುಡಾದ ಫೋಟೋ ತೆಗೆದೆ. ನಮ್ಮ ಕಡೆ ನಿಶ್ಚಯಕ್ಕೆ ಹಾಗೆ ಅನ್ನುತ್ತಾರೆ, ಸಕ್ಕರೆ ಪೊಟ್ಟಣ ಕೈಗಿಟ್ಟು ಮಾತು ಪಕ್ಕಾ ಮಾಡುವುದು. ತೊಳೆದು ತಂದ ಫೋಟೋದಲ್ಲಿ ಹುಡುಗಿಯ ಮಡಿಲಿನ ಮೇಲೆ ಕರ್ರಗಿನ ಒಂದು ತಲೆ ಬಿದ್ದಿತ್ತು. ನನ್ನದೇ. ಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ.

ಉಸ್ತಾದ್ ನನ್ನ ಕಿವಿ ಹಿಡಿದು ಫೋಟೋದ ಹತ್ತಿರ ತಂದರು. "ಇದು ಯಾರೋ ಸಾಹೇಬಾ?"

"ನಂದೇ ನೆಳ್ಳರೀ ಉಸ್ತಾದ್."

"ಕರೆದ್ರೇನು ನಿನಗ ಆ ಮಂದಿ? ಫೋಟೋದಾಗ ನೆಳ್ಳ ಬಂತು ಅಂದ್ರ ನೀ ಫೋಟೋಗ್ರಾಫರ್ ಅಲ್ಲ, ಊಟಕ್ಕ ಬಂದ ಬೀಗ. ಹೋಗು, ಎಲಿ ಹಾಕ್ಯಾರ, ಕುಂದ್ರು."

ಅಂದಿನಿಂದ ಜೋಡಿಯ ಮುಖ ನೋಡುವ ಮೊದಲು ನೆಲ ನೋಡುವುದು ಅಭ್ಯಾಸವಾಯಿತು. ಬೇರೆ ತಪ್ಪುಗಳನ್ನು ಧಾರಾಳವಾಗಿ ಮಾಡಿದ್ದೇನೆ. ಲೋಹಾರಾದಲ್ಲಿ ರೋಲು ಕ್ಯಾಮೆರಾದೊಳಗಿನ ಚಕ್ರದ ಹಲ್ಲಿಗೆ ಕಚ್ಚದೆ ಖಾಲಿ ಕ್ಯಾಮೆರಾದಲ್ಲೇ ಒಂದು ನಿಶ್ಚಯ ಪೂರಾ ತೆಗೆದಿದ್ದೇನೆ. ಎಷ್ಟು ತೆಗೆದರೂ ರೋಲು ಮುಗಿಯದಿದ್ದಾಗ, ಇವತ್ತು ಬರಕತ್ತು ಚೆನ್ನಾಗಿದೆ ಎಂದು ಖುಷಿಪಟ್ಟಿದ್ದೇನೆ. ಆದರೆ ನೆರಳು ಮಾತ್ರ ಎಷ್ಟೋ ವರ್ಷ ಮತ್ತೆ ಬೀಳಲಿಲ್ಲ.

ಆಗ ನಿಶ್ಚಯವಾದ ಜೋಡಿಯ ಫೋಟೋ ಎಂದರೆ ಜೋಡಿ ಇಲ್ಲದ ಫೋಟೋ. ಹುಡುಗ ಒಂದು ತುದಿ, ಹುಡುಗಿ ಇನ್ನೊಂದು ತುದಿ, ನಡುವೆ ಇಡೀ ಖಾನ್‌ದಾನ್. ದೇವಣಿಯಲ್ಲಿ ಒಬ್ಬ ಯಜಮಾನರು ಕಾಲ ಬದಲಾಗಿದೆ ಎಂದು ಒಪ್ಪಿ, ಇಬ್ಬರದೇ ಒಂದು ಫೋಟೋ ಆಗಲಿ ಎಂದರು. ನಾನು ಇನ್ನೂ ಫೋಕಸ್ ಮಾಡುತ್ತಿದ್ದೆ, ಹಗ್ಗ ಹಿಡಿದು ತಮ್ಮ ಹೋರಿಯನ್ನು ತಂದು ಇಬ್ಬರ ನಡುವೆ ನಿಲ್ಲಿಸಿಬಿಟ್ಟರು. "ಈಗ ಹೊಡೀರಿ. ಹತ್ರಾನೂ ಇದ್ದಂಗಾತು, ದೂರಾನೂ ಇದ್ದಂಗಾತು." ಹೋರಿಯ ಭುಜದ ಮೇಲಿಂದ ಆ ಹುಡುಗಿ ಒಮ್ಮೆ ಹುಡುಗನನ್ನು ನೋಡಿದಳಲ್ಲ, ಆ ನೋಟಕ್ಕೆ ಬೆಚ್ಚಿ ನಾನು ಬಟನ್ ಒತ್ತಿದ್ದೆ. ನನ್ನ ಒಳ್ಳೆಯ ಫೋಟೋಗಳೆಲ್ಲ ಬೆಚ್ಚಿಬಿದ್ದಾಗ ತೆಗೆದವೇ.

ಆಮೇಲೆ ರೋಲು ಹೋಯಿತು, ಕತ್ತಲೆಕೋಣೆ ಹೋಯಿತು, ಉಸ್ತಾದರೂ ಹೋದರು. ಡಿಜಿಟಲ್ ಬಂತು, ಅದರ ಬೆನ್ನಿಗೇ ಪ್ರೀ-ವೆಡ್ಡಿಂಗ್ ಬಂತು. ಮೊದಲ ಸಲ ಉದಗೀರ ಕೋಟೆಯಲ್ಲಿ, ನಿಶ್ಚಯವಷ್ಟೇ ಆದ ಹುಡುಗ ಹುಡುಗಿಯನ್ನು ಎತ್ತಿ ಗಿರಕಿ ಹೊಡೆದಾಗ ನಾನು ಕ್ಯಾಮೆರಾ ಬಿಟ್ಟು, ಯಾರಾದರೂ ಹಿರಿಯರು ನೋಡಿದರೇನೋ ಎಂದು ಸುತ್ತ ನೋಡಿದೆ. ಹಿರಿಯರು ಅಲ್ಲೇ ಇದ್ದರು. ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದರು.

ಅದನ್ನೂ ಅರಗಿಸಿಕೊಂಡೆ. ಆದರೆ ಭೂಕಂಪದ ನಂತರ ಹುಟ್ಟಿದ ಮಕ್ಕಳು ಬಂದು, "ಕಾಕಾ, ಹಳೇ ಊರಿನ ಬಿದ್ದ ಗ್ವಾಡಿ ಮುಂದ ತಗೀರಿ, ಮಸ್ತ್ ಬರ್ತದ" ಎಂದಾಗ ನಾನು ಚಹಾದ ಲೋಟ ಕೆಳಗಿಟ್ಟೆ. ಆ ಗೋಡೆಗಳ ಕೆಳಗೆ ಏನೇನು ಸಿಕ್ಕಿತ್ತು ಎಂದು ಗೊತ್ತಿದ್ದವರು ಆ ದಾರಿ ಹಿಡಿಯುತ್ತಿರಲಿಲ್ಲ. ಇವರಿಗೆ ಅದು ಬ್ಯಾಕ್‌ಗ್ರೌಂಡು. ಎಷ್ಟೋ ಸಲ ಇಲ್ಲ ಎಂದೆ. ಸುವರ್ಣಾ ಕೇಳಿದಾಗ ಮಾತ್ರ ಆಗಲಿಲ್ಲ.

ಸುವರ್ಣಾ ಉಮರ್ಗಾ ತಾಲೂಕಿನ ಒಂದು ಪುನರ್ವಸನದ ಊರಿನ ಹುಡುಗಿ. ಸರಕಾರ ಹೊಸದಾಗಿ ಕಟ್ಟಿಕೊಟ್ಟ, ಗೆರೆ ಎಳೆದಂತೆ ಬೀದಿ, ಮನೆಗೊಂದು ನಂಬರು ಇರುವ ಊರು. ಹಳೇ ಊರಿನ ಮನೆ ಬಿದ್ದಾಗ ಕಾಶಿಬಾಯಕ್ಕ ತನ್ನ ಅತ್ತೆಯನ್ನೂ ಮೊದಲ ಮಗನನ್ನೂ ಕಳೆದುಕೊಂಡಿದ್ದಳು. ಸುವರ್ಣಾ ಹುಟ್ಟಿದ್ದು ಆಮೇಲೆ. ಗಂಡ ಕಾಯಿಲೆಯಿಂದ ತೀರಿದ ಮೇಲೆ ತಾಯಿ, ಮಗಳು ಇಬ್ಬರೇ. ಕಾಶಿಬಾಯಕ್ಕ ಅಂದಿನಿಂದ ಕಲ್ಲಿನ ಮನೆಯೊಳಗೆ ಕಾಲಿಟ್ಟಿರಲಿಲ್ಲ. ಹಳೇ ಊರಿನ ಪಕ್ಕದಿಂದ ಬಸ್ಸು ಹೋಗುವಾಗ ಆಚೆ ಮುಖ ತಿರುಗಿಸಿ ಕೂರುತ್ತಿದ್ದಳು. ಸುವರ್ಣಾಗೆ ನಿಲಂಗಾದ ಒಂದು ಗಂಡು ಗೊತ್ತಾಗಿತ್ತು. ಈಕೆ ಅವರ ಮನೆ ನೋಡಲು ಹೋಗಿ, ಅಂಗಳದಲ್ಲೇ ನಿಂತು ಕಲ್ಲಿನ ಗೋಡೆ, ಅದರ ಮೇಲಿನ ಮಾಳಿಗೆ ನೋಡಿ, ತಂದ ಚಹಾ ಮುಟ್ಟದೆ ವಾಪಸು ಬಂದಿದ್ದಳು. ಮಾತು ಮುರಿಯಿತು. ಸುವರ್ಣಾ ಒಂದು ವಾರ ಉಣ್ಣಲಿಲ್ಲವಂತೆ. ಎರಡನೇ ಗಂಡು ಉದಗೀರದ ಮಹೇಶ. ಅವನ ಅಪ್ಪ ಸೂಕ್ಷ್ಮ ಅರಿತವರು. ಛತ್ತಿನ ಮೇಲೆ ಮಗ ಸೊಸೆಗೆಂದೇ ತಗಡಿನ ಒಂದು ಖೋಲಿ ಕಟ್ಟಿಸಿದರು. ಕಾಶಿಬಾಯಕ್ಕ ಹೋಗಿ ತಗಡು ಅಲ್ಲಾಡಿಸಿ ನೋಡಿ, "ಹ್ಞೂಂ, ಬಿದ್ರ ಹಗುರ ಬೀಳ್ತದ" ಎಂದು ಸಕ್ಕರೆ ತಿಂದಳು. ಮದುವೆ ನಿಂತಿದ್ದು ಆ ತಗಡಿನ ಮೇಲೆ.

ಆ ಸುವರ್ಣಾ ಬಂದು ಕೇಳಿದಳು: "ಕಾಕಾ, ಹಳೇ ಊರಾಗ ಕಮಾನಿನ ಬಾಗಲದ್ದೊಂದು ಗ್ವಾಡಿ ಇನ್ನೂ ನಿಂತದ ನೋಡ್ರಿ, ಅದೇ ನಮ್ಮನಿ. ನಮ್ಮತ್ತಿ ಮಗ ರಸ್ತಾದ ಮ್ಯಾಲಿಂದ ತೋರ್ಸಿದ್ದ. ಅಜ್ಜಿನ್ನ ನಾ ನೋಡಿಲ್ಲ, ಅಣ್ಣನ್ನ ನೋಡಿಲ್ಲ. ಅವರ ಬಾಗಲದಾಗ ನಂದೊಂದು ಫೋಟೋ ಇರ್ಲಿ. ಅವ್ವಗ ಹೇಳಬ್ಯಾಡ್ರಿ. ಸೂರ್ಯಕಾಂತಿ ಹೊಲಕ್ಕ ಹೊಂಟೀವಿ ಅಂತೀನಿ."

"ಆಕಿಗೆ ಗೊತ್ತಾದ್ರ?"

"ಗೊತ್ತಾದ್ರ ಮದಿವಿ ಮುರೀತಾಳ. ಅದಕ್ಕೇ ಹೇಳಬ್ಯಾಡ್ರಿ ಅಂದೆ."

ನಿಶ್ಚಯವಾದ ಜೋಡಿ ಹಿರಿಯರಿಲ್ಲದೆ ಹೊರಗೆ ಹೋಗುವಂತಿಲ್ಲ. ಮಹೇಶನ ಅತ್ತಿಗೆ ಜೊತೆಗೆ ಬರುವುದೆಂದು ಗೊತ್ತಾಗಿತ್ತು. ಆ ಮಧ್ಯಾಹ್ನ ನಾನು ಚೀಲ ಹೊತ್ತು ಜೀಪಿನ ಹತ್ತಿರ ಹೋದರೆ, ಮುಂದಿನ ಸೀಟಿನಲ್ಲಿ ಹಸಿರು ಸೀರೆ ಉಟ್ಟು, ಮಡಿಲಲ್ಲಿ ನೀರಿನ ಕ್ಯಾನು ಇಟ್ಟುಕೊಂಡು ಕಾಶಿಬಾಯಕ್ಕ ಕೂತಿದ್ದಳು. ಅತ್ತಿಗೆಗೆ ಜ್ವರವಂತೆ. ಹಿಂದೆ ಸುವರ್ಣಾಳ ಪಕ್ಕ ಕೂತು, ತಿರುಗಿ ಹೋಗೋಣ ಎಂದು ಕಣ್ಣಲ್ಲೇ ಹೇಳಿದೆ. ಆಕೆ ತಲೆ ಅಲ್ಲಾಡಿಸಿದಳು. ಸ್ಟಿಯರಿಂಗ್ ಹಿಡಿದ ಮಹೇಶನ ಕತ್ತಿನ ಹಿಂದೆ ಬೆವರು ಇಳಿಯುತ್ತಿತ್ತು.

ಕಾಶಿಬಾಯಕ್ಕ ಖುಷಿಯಲ್ಲಿದ್ದಳು. "ಏನ್ರೀ ಫೋಟೋದವರೇ, ಮದಿವಿಗಿಂತ ಮೊದ್ಲೇ ಎಲ್ಲಾ ತಗದ್ರ ಮದಿವ್ಯಾಗ ಏನ್ ತಗೀತೀರಿ? ಉಂಡ ಎಲಿ?"

"ಹೌದ್ರೀ ಅಕ್ಕಾ," ಎಂದೆ. ಏನು ಕೇಳಿದ್ದರೂ ಹೌದು ಎನ್ನುತ್ತಿದ್ದೆ.

ಜೀಪು ಡಾಂಬರು ಬಿಟ್ಟು ಕಲ್ಲುದಾರಿಗೆ ಇಳಿಯಿತು. ಹಳೇ ಊರು ಎದುರಿಗೆ ಬಂತು. ಈ ಸಲ ಆಕೆ ಮುಖ ತಿರುಗಿಸಲಿಲ್ಲ, ಅದು ನನಗೆ ಇನ್ನೂ ಹೆದರಿಕೆ ಹುಟ್ಟಿಸಿತು. ಎದುರಿನ ಗಾಜಿನೊಳಗಿಂದ ಜಾಲಿಗಿಡಗಳ ನಡುವಿನ ಆ ಕಮಾನನ್ನೇ ನೋಡುತ್ತ ಕೂತಳು. ಅದರ ಬುಡದಲ್ಲಿ ಯಾವುದೋ ಜೋಡಿ ಬಿಟ್ಟುಹೋದ ಒಡೆದ ಬಲೂನುಗಳು ಬಿದ್ದಿದ್ದವು. ಗೋಡೆಯ ಮೇಲೆ ಬಿಳಿ ಬಣ್ಣದಲ್ಲಿ ಹೃದಯ, ಬಾಣ, ಎರಡು ಹೆಸರು. ನಮಗಿಂತ ಮುಂಚೆ ಎಷ್ಟೋ ಕ್ಯಾಮೆರಾ ಇಲ್ಲಿಗೆ ಬಂದುಹೋಗಿದ್ದವು.

"ಅವ್ವಾ, ತಪ್ಪ್ ನಂದು," ಎಂದಳು ಸುವರ್ಣಾ, ಹಿಂದಿನಿಂದ.

ಮಹೇಶ ಗೋಡೆಯ ಪಕ್ಕಕ್ಕೇ ಜೀಪು ನಿಲ್ಲಿಸಿ, ಇಳಿದು ಹೋಗಿ ಅತ್ತೆಯ ಕಡೆಯ ಬಾಗಿಲು ತೆರೆದ. ಆಕೆ ಇಳಿಯಲಿಲ್ಲ. ಏನು ಮಾಡಬೇಕು ತೋಚದೆ ಹುಡುಗ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಕೈ ಊರಿ ನಿಂತ.

"ಕೈ ತಗೀ!"

ಅಳಿಯನಾಗುವವನಿಗೆ ಏಕವಚನ. ನಮ್ಮಲ್ಲಿ ಇದು ನಡೆಯುವ ಮಾತಲ್ಲ. ಅಳಿಯ ತೊಟ್ಟಿಲಲ್ಲಿದ್ದರೂ ರೀ ಎನ್ನುವ ಜನ ನಾವು. ಮದುವೆ ಹೋಯಿತು ಎಂದುಕೊಂಡೆ. ಸುವರ್ಣಾ ನನ್ನ ತೋಳನ್ನು ಹಿಡಿದ ಹಿಡಿತಕ್ಕೆ ಆಮೇಲೆ ಅಲ್ಲಿ ನೀಲಿಗಟ್ಟಿತ್ತು.

ಮಹೇಶ ಬೆಂಕಿ ಮುಟ್ಟಿದಂತೆ ಕೈ ತೆಗೆದ. ಸಿಟ್ಟಾಗಲಿಲ್ಲ. "ತಪ್ಪಾತ್ರೀ ಅತ್ತಿ. ನಿಮ್ಮನಿ ಗ್ವಾಡಿ ಅಂತ ಮುಟ್ಟಿದೆ."

"ಯಾರ ಮನಿ?"

"ನಿಮ್ದೇ. ಸುವರ್ಣಾ ಹೇಳಿದ್ಳು."

ಕಾಶಿಬಾಯಕ್ಕ ತಿರುಗಿ ಮಗಳ ಮುಖ ನೋಡಿದಳು. ಕಮಾನು ನೋಡಿದಳು. ಮತ್ತೆ ಮಗಳನ್ನು ನೋಡಿದಳು. ಆಮೇಲೆ ಆಕೆಯ ಹೊಟ್ಟೆಯೊಳಗಿಂದ ಒಂದು ಸದ್ದು ಬಂತು. ಆಕೆಗೆ ಏನೋ ಆಯಿತೆಂದು ನಾನು ಜೀಪಿನಿಂದ ಹಾರಿದೆ. ನಗುತ್ತಿದ್ದಳು.

"ಇದು ನಮ್ಮನಿ ಅಂತ ಯಾವ ಶಾಣ್ಯಾ ಹೇಳ್ದ ನಿನಗ? ಅಯ್ಯ ನನ್ನವ್ವ! ಇದು ಪಾಟೀಲರ ದನದ ಕೊಟಗಿ! ಎಮ್ಮಿ ಹೋಗಿಬರೋ ಬಾಗಲ ಇದು! ಇದರಾಗ ನಿಂತು ಫೋಟೋ ತಗಸ್ತೀಯಾ, ಇಷ್ಟುದ್ದ ಫ್ರಾಕ್ ಹಾಕ್ಕೊಂಡು?"

ಸುವರ್ಣಾಳ ಬಾಯಿ ತೆರೆದೇ ಇತ್ತು. ನನ್ನದೂ. ತಾಯಿ ಆ ಊರಿನ ಮಾತೇ ಎತ್ತದ್ದರಿಂದ, ನಂಬರಿನ ಮನೆಯಲ್ಲಿ ಹುಟ್ಟಿದ ಹುಡುಗಿ ನಿಂತಿದ್ದ ಒಂದೇ ಒಂದು ಬಾಗಿಲನ್ನು ತನ್ನದೆಂದುಕೊಂಡಿದ್ದಳು. ಆ ಊರಿನ ಎಷ್ಟು ಮಕ್ಕಳು ರಸ್ತೆಯ ಮೇಲಿಂದ ಆ ಕೊಟ್ಟಿಗೆಯನ್ನೇ ನಮ್ಮನಿ ಎಂದು ತೋರಿಸುತ್ತಿದ್ದರೋ.

ನಗು ನಿಲ್ಲುತ್ತ ಬಂದಾಗ ಮಹೇಶ ಕೇಳಿದ, "ಹಂಗಿದ್ರ ನಿಮ್ಮನಿ ಯಾವ್ದ್ರೀ ಅತ್ತಿ?"

ಆಕೆ ಸೀರೆಯ ನೆರಿಗೆ ಎತ್ತಿ ಕಟ್ಟಿ ಕೆಳಗಿಳಿದಳು. ಕೊಟ್ಟಿಗೆಯ ಬಲಕ್ಕೆ ಹೊರಳಿ, ಜಾಲಿಗಿಡಗಳ ನಡುವೆ, ಅಲ್ಲಿ ಈಗ ಇಲ್ಲದ ಓಣಿಯಲ್ಲಿ ನಡೆದಳು. ಎಲ್ಲೂ ತಡವರಿಸಲಿಲ್ಲ. ಒಂದು ಕಡೆ ಸುಮ್ಮನೆ ಸುತ್ತು ಹಾಕಿ ಹೋದಳು. ಅಲ್ಲಿ ಯಾರದೋ ಕಟ್ಟೆ ಇದ್ದಿರಬೇಕು. ನಾವು ಮೂವರು ಹಿಂದೆ. ಗೌನು ಮುಳ್ಳಿಗೆ ಸಿಕ್ಕಿತು, ಹರಿಯಲಿಲ್ಲ, ಮಹೇಶ ಕೂತು ಬಿಡಿಸಿದ.

ಕೊನೆಗೆ ಆಕೆ ನಿಂತ ಜಾಗದಲ್ಲಿ ಮೊಣಕಾಲೆತ್ತರದ ಗೋಡೆಯೂ ಇರಲಿಲ್ಲ. ಹುಲ್ಲಿನಲ್ಲಿ ಉದ್ದಕ್ಕೊಂದು ಹೊಸ್ತಿಲು ಕಲ್ಲು, ನಡುವೆ ಸವೆದದ್ದು.

"ದನದ ಕೊಟಗಿ ನಿಂತ್ಕೋತು ನೋಡ್ರಿ," ಎಂದಳು. "ನಮ್ಮದು ನಿಂದ್ರಲಿಲ್ಲ."

ಆಕೆ ಹೊಸ್ತಿಲು ದಾಟಿ ಒಳಗೆ ಹೋದಳು, ಒಳಗೆ ಎಂದರೆ ಹುಲ್ಲಿನೊಳಗೆ. "ಇಲ್ಲಿ ಒಲಿ. ಇಲ್ಲಿ ಬೀಸೋ ಕಲ್ಲ. ಇಲ್ಲಿ ನಮ್ಮತ್ತಿ ಮಲಗತಿದ್ಳು." ನಾಲ್ಕನೆಯ ಕಡೆಗೆ ಕೈ ಎತ್ತಿದಳು. "ಇಲ್ಲಿ ತೊಟ್ಟಿಲ." ಎತ್ತಿದ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ನನ್ನ ಕಡೆ ತಿರುಗಿದಳು.

"ನೀರ್ ತರ್ರಿ."

ನಾನು ಹೆದರಿದ್ದು ಕೊನೆಗೂ ಆಯಿತು, ಆಕೆಗೆ ತಲೆ ಸುತ್ತಿದೆ ಎಂದು ಜೀಪಿಗೆ ಓಡಿದೆ. ಎಡವಿದೆ, ಎದ್ದೆ, ಕ್ಯಾನು ತಂದು ಮುಚ್ಚಳ ಬಿಚ್ಚಿ ಬಾಯಿಗೆ ಹಿಡಿಯಲು ಹೋದೆ. ಆಕೆ ನನ್ನ ಕೈಯಿಂದ ಕ್ಯಾನು ಕಿತ್ತುಕೊಂಡಳು.

"ನನಗಲ್ಲರೀ. ಜಾವಯಿಬಾಪು, ಬೂಟ್ ತಗೀರಿ."

ಮಹೇಶನಿಗೆ ತಿಳಿಯಲಿಲ್ಲ. ಆಗಲೇ ಕೈ ತಗೀ ಎಂದವಳು ಈಗ ಜಾವಯಿಬಾಪು ಎನ್ನುತ್ತಿದ್ದಳು. ಮರಾಠಿ ಸೀಮೆಯಲ್ಲಿ ಅಳಿಯನನ್ನು ಅದಕ್ಕಿಂತ ದೊಡ್ಡದಾಗಿ ಕರೆಯಲು ಮಾತಿಲ್ಲ.

"ಮೊದಲ್ನೇ ಸಲ ಮನಿಗಿ ಬಂದೀರಿ. ಕಾಲಿಗಿ ನೀರ್ ಹಾಕಲಾರ್ದ ಒಳಗ ಹ್ಯಾಂಗ್ ಕರೀಲಿ?"

ಹುಡುಗ ಬೂಟು, ಕಾಲುಚೀಲ ಬಿಚ್ಚಿ ಆ ಕಲ್ಲಿನ ಈಚೆ ನಿಂತ. ಆಕೆ ಆಚೆ ನಿಂತು ಬಗ್ಗಿ, ಒಂದು ಕಾಲು, ಇನ್ನೊಂದು ಕಾಲು, ನೀರು ಹಾಕಿದಳು. ಸುವರ್ಣಾ ಗೌನಿಗೆ ಇಲ್ಲದ ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲು ಹೋಗಿ, ಆ ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಬಲಗಾಲ್ ಇಡ್ರಿ. ತಲಿ ಬಗ್ಗಸ್ರಿ, ಬಾಗಲ ಗಿಡ್ಡ ಅದ."

ಮೇಲೆ ಬರೀ ಆಕಾಶ. ಮಹೇಶ ತಲೆ ಬಗ್ಗಿಸಿ ಒಳಗೆ ಹೋದ. ನಾನು ಕ್ಲಿಕ್ ಮಾಡಿದೆ. ಬೆಚ್ಚಿದ ಕೈಯಲ್ಲಿ, ಒಂದೇ ಒಂದು.

ವಾಪಸು ಹೊರಟೆವು. ಡಾಂಬರು ಸಿಕ್ಕ ಮೇಲೆ ಕಾಶಿಬಾಯಕ್ಕ ಕಿಟಕಿಯ ಕಡೆ ನೋಡುತ್ತಲೇ ಹೇಳಿದಳು: "ಇನ್ನೊಂದ್ ಸಲ ಬರೋ ಮೊದ್ಲ ಹೇಳಿ ಬರ್ರಿ, ಜಾವಯಿಬಾಪು. ಮನ್ಯಾಗ ಏನೂ ಮಾಡಿಟ್ಟಿದ್ದಿಲ್ಲ." ಪಕ್ಕದಲ್ಲಿ ಸುವರ್ಣಾ ನನ್ನ ತೋಳು ಬಿಟ್ಟಳು. ಜೀಪು ಹತ್ತಿದಾಗಿನಿಂದ ಮತ್ತೆ ಹಿಡಿದೇ ಇದ್ದಳೆಂದು ನನಗೆ ಗೊತ್ತಾದದ್ದೇ ಆಗ.

ಮದುವೆ ಚೆನ್ನಾಗಿ ಆಯಿತು. ಬ್ಯಾಟರಿ ಮೂರೂ ಸರಿಯಿದ್ದವು. ಹಾವು ಬರಲಿಲ್ಲ, ಗೋಡೆ ಬೀಳಲಿಲ್ಲ, ಕಾರ್ಡು ಕೆಡಲಿಲ್ಲ. ಕಾಲುಚೀಲವೂ ಒಗೆದದ್ದೇ ಆಗಿತ್ತು. ಕೆಟ್ಟದ್ದು ಒಂದೇ. ಆ ಫೋಟೋವನ್ನು ಕಂಪ್ಯೂಟರಿನಲ್ಲಿ ತೆರೆದು ದೊಡ್ಡದು ಮಾಡಿದಾಗ ನನ್ನ ಕಿವಿ ತಾನಾಗಿಯೇ ಉರಿಯತೊಡಗಿತು. ಇಳಿಬಿಸಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ನೆಲ ನೋಡಿರಲಿಲ್ಲ. ಒದ್ದೆ ಹೊಸ್ತಿಲಿನ ಮೇಲೆ ಉದ್ದಕ್ಕೆ ನನ್ನ ನೆರಳು, ಕಾಲು ಹೊರಗೆ, ತಲೆ ಮನೆಯೊಳಗೆ.

ಆಲ್ಬಮ್ ಮಾಡುವ ಮೊದಲು ಕಾಶಿಬಾಯಕ್ಕನಿಗೆ ತೋರಿಸಿ ಹೇಳಿದೆ, "ಇದೊಂದು ಕೆಟ್ಟದರೀ ಅಕ್ಕಾ, ನನ್ನ ನೆಳ್ಳ ಬಿದ್ದದ. ಕಂಪ್ಯೂಟರ್‌ದಾಗ ಅಳಿಸ್ತೀನಿ, ಗೊತ್ತೇ ಆಗಂಗಿಲ್ಲ."

ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

"ಅಳಿಸಬ್ಯಾಡ್ರಿ," ಎಂದಳು. "ಅಳಿಸಿದ್ರ, ಜಾವಯಿ ಮನಿಗಿ ಬಂದಾಗ ಹೆಣ್ಣಿನ ಕಡಿಯವರು ಅಂತ ನಾ ಒಬ್ಬಾಕಿನೇ ನಿಂತಂಗ ಕಾಣ್ತದ."